ಎದುರಿನ ಸಾಹುಕಾರ "ಕೂಡಿ ಮಾಡೋಣು" ಎಂದಾಗ



ಹತ್ತಿ ಬಿಡಿಸುವ ಕಾಲ ಬಂತೆಂದರೆ ನಮ್ಮ ಮಾನ್ವಿ, ದೇವದುರ್ಗ ಸೀಮೆಯ ಹಳ್ಳಿಗಳಲ್ಲಿ ಮನೆಯ ಪಡಸಾಲೆಯೆಲ್ಲ ಬೆಳ್ಳಗಾಗುತ್ತದೆ. ಹೆಣ್ಣುಮಕ್ಕಳು ಉಡಿ ಕಟ್ಟಿಕೊಂಡು ಬಿಡಿಸಿ ತಂದ ಹತ್ತಿ ಮೂಲೆಯಲ್ಲಿ ರಾಶಿ ಬಿದ್ದಿರುತ್ತದೆ. ಅದು ಹಣವಾಗುವ ತನಕ ಮನೆಯವರಿಗೆ ನಿದ್ದೆ ಇಲ್ಲ. ಬೀಜದ ಸಾಲ, ಗೊಬ್ಬರದ ಸಾಲ, ಮಗಳ ಮದುವೆ, ಮಗನ ಶಾಲೆ, ಎಲ್ಲವೂ ಆ ರಾಶಿಯನ್ನೇ ನೋಡುತ್ತ ಕುಳಿತಿರುತ್ತವೆ. ಈ ಹೊತ್ತಿನಲ್ಲಿ ಮಾಡಿದ ಒಂದು ತಪ್ಪು ಒಪ್ಪಂದ ವರುಷದ ದುಡಿತವನ್ನೇ ತಿಂದುಹಾಕಬಲ್ಲದು. ಅದಕ್ಕಾಗಿಯೇ ಇಂದು ಈ ವಿಷಯವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ನೀರಮಾನ್ವಿಯಂಥ ಒಂದು ಊರು ಎಂದು ಇಟ್ಟುಕೊಳ್ಳೋಣ. ಅಲ್ಲಿ ಮುನ್ನೂರು ಮಂದಿ ರೈತರು ಕೂಡಿ ಒಂದು ಸಂಘ ಮಾಡಿಕೊಂಡಿದ್ದಾರೆ. ಸ್ವಂತ ಕಾಟಾ ತಂದಿದ್ದಾರೆ. ಸದಸ್ಯರ ಹತ್ತಿಯನ್ನು ಒಂದು ಕಡೆ ತೂಗಿ, ಒಣ ಹತ್ತಿಯನ್ನೂ ಹಸಿ ಹತ್ತಿಯನ್ನೂ ಬೇರೆ ಮಾಡಿ, ಲಾರಿ ತುಂಬಿಸಿ ರಾಯಚೂರಿನ ಮಾರುಕಟ್ಟೆಗೆ ಕಳಿಸುತ್ತಾರೆ. ಅದೇ ಊರಲ್ಲಿ ಮೊದಲಿನಿಂದಲೂ ಹತ್ತಿ ಕೊಳ್ಳುತ್ತ ಬಂದಿರುವ ಒಬ್ಬ ಸಾಹುಕಾರರೂ ಇದ್ದಾರೆ. ಎರಡು ವರುಷ ಸಂಘಕ್ಕೂ ಅವರಿಗೂ ಪೈಪೋಟಿ ನಡೆಯಿತು. ಮೂರನೆಯ ವರುಷ ಸಾಹುಕಾರರು ಸಂಘದ ಅಧ್ಯಕ್ಷರನ್ನು ಅಂಗಡಿಗೆ ಕರೆಸಿದರು.

"ಬರ್ರಿ ಗೌಡ್ರ, ಕುಂದರ್ರಿ, ಚಾ ಕುಡೀರಿ. ನೀವೂ ಹತ್ತಿ ತಗೋತೀರಿ, ನಾನೂ ತಗೋತೀನಿ. ಒಂದ ಊರಾಗ ಇಬ್ಬರು ಕಿತ್ತಾಡಿದ್ರ ಇಬ್ಬರಿಗೂ ನಷ್ಟ. ಕೂಡಿ ಮಾಡೋಣು. ಊರಿನ ಹತ್ತಿ ನೀವು ಕೂಡ್ಸಿ ಕೊಡ್ರಿ. ಕ್ವಿಂಟಲ್‌ಗೆ ಐವತ್ತು ರೂಪಾಯಿ ಸಂಘಕ್ಕ ಕೊಡ್ತೀನಿ. ಕಾಟಾ ನಂದ ಐತಿ, ಗಾಡಿ ನಂದ ಐತಿ, ನಿಮಗ ತಾಪತ್ರಯನ ಇಲ್ಲ."

ಮಾತು ಸವಿಯಾಗಿದೆ. ಅಧ್ಯಕ್ಷರು ಏನು ಉತ್ತರ ಕೊಡಬೇಕು? "ಆಗಲಿ" ಎಂದುಬಿಟ್ಟರೆ ಒಂದು ಅಪಾಯ. "ನಿಮ್ಮ ಸಹವಾಸ ಬ್ಯಾಡ" ಎಂದು ಎದ್ದು ಬಂದರೆ ಇನ್ನೊಂದು ಅಪಾಯ. ಏಕೆಂದರೆ ಸಂಘದ ಸದಸ್ಯರಲ್ಲಿ ಎಷ್ಟೋ ಮಂದಿ ಅದೇ ಸಾಹುಕಾರರಲ್ಲಿ ಬೀಜ, ಗೊಬ್ಬರ, ಔಷಧಿ ಉದ್ರಿ ತಂದವರು. ಅಧ್ಯಕ್ಷರ ಬಾಯಿಂದ ಒಂದು ಬಿರುಸು ಮಾತು ಹೊರಟರೆ ನಾಳೆ ಅವರ ಮನೆ ಬಾಗಿಲಿಗೆ ವಸೂಲಿಯ ಆಳು ಬಂದು ನಿಲ್ಲಬಹುದು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಹೇಳಿದ್ದಾರೆ. ಆದುದರಿಂದ ಅಂದಿನ ದಿನದ ಉತ್ತರ ಒಂದೇ: "ಸಾವ್ಕಾರ್ರೇ, ನಿಮ್ಮ ಮಾತು ಕೇಳೀನಿ. ಇದು ನನ್ನೊಬ್ಬನ ವ್ಯವಹಾರ ಅಲ್ಲ, ಮುನ್ನೂರು ಮಂದೀದು. ನೀವು ಹೇಳಿದ್ದನ್ನ ಒಂದು ಕಾಗದದಾಗ ಬರದು ಸಂಘಕ್ಕ ಕಳಸ್ರಿ. ಮಂದಿ ಮುಂದ ಇಟ್ಟು ಜವಾಬು ಕೊಡ್ತೀವಿ." ಇಷ್ಟು ಹೇಳಿ, ಚಹಾ ಕುಡಿದು, ನಮಸ್ಕಾರ ಮಾಡಿ ಬರಬೇಕು. ಮುಂದಿನ ಮಾತುಕತೆ ಸಂಘದ ಕಚೇರಿಯಲ್ಲಿ, ಕನಿಷ್ಠ ಇಬ್ಬರು ನಿರ್ದೇಶಕರು ಕುಳಿತಿರುವಾಗ ನಡೆಯತಕ್ಕದ್ದು.

ಇನ್ನು ಮನೆಗೆ ಬಂದು ವಿಚಾರ ಮಾಡೋಣ. ಮೊದಲ ಪ್ರಶ್ನೆ: ಇಷ್ಟು ದಿನ ಎದುರಿಗಿದ್ದವರು ಈಗ ಯಾಕೆ ಬಂದರು? ಕೊಡುಕೊಳ್ಳುವಿಕೆಯಲ್ಲಿ ಯಾರೂ ಸುಮ್ಮನೆ ಬರುವುದಿಲ್ಲ. ತನ್ನಲ್ಲಿ ಇಲ್ಲದ್ದು ನಮ್ಮಲ್ಲಿ ಏನೋ ಇದೆ ಎಂದೇ ಬರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ವ್ಯಾಪಾರವೆಂದರೆ ಅದೇ. ಆದರೆ ಆ "ಏನೋ" ಯಾವುದು ಎಂದು ನಮಗೆ ಗೊತ್ತಿರಬೇಕು. ಸಂಘದ ಬಳಿ ಒಂದೇ ಕಡೆ ಕೂಡಿದ ದೊಡ್ಡ ರಾಶಿ ಇದೆ. ಕಸ, ಕಡ್ಡಿ, ಹಳದಿ ಬಣ್ಣದ ಕೊಳೆತ ಹತ್ತಿ ಬೆರೆಯದ ಸ್ವಚ್ಛ ಮಾಲು ಇದೆ. ಎಲ್ಲಕ್ಕಿಂತ ಹೆಚ್ಚಾಗಿ, "ಸಂಘದ ಕಾಟಾ ಸುಳ್ಳು ಹೇಳೋದಿಲ್ಲ" ಎಂಬ ನಂಬಿಕೆ ಇದೆ. ಸಾಹುಕಾರರು ಮನೆಮನೆ ತಿರುಗಿ ಕೊಂಡರೆ ಆಗುವ ಖರ್ಚು ಎಷ್ಟು, ಸಂಘದಿಂದ ಒಟ್ಟಿಗೆ ಎತ್ತಿದರೆ ಉಳಿಯುವುದು ಎಷ್ಟು ಎಂದು ಲೆಕ್ಕ ಹಾಕಿದರೆ ನಮ್ಮ ಬೆಲೆ ನಮಗೇ ತಿಳಿಯುತ್ತದೆ.

ಎರಡನೆಯ ಪ್ರಶ್ನೆ: "ಕೂಡಿ ಮಾಡೋಣು" ಅಂದರೆ ಏನರ್ಥ? ಈ ಒಂದು ಮಾತಿನಲ್ಲಿ ನಾಲ್ಕು ಬಗೆಯ ವ್ಯವಹಾರ ಅಡಗಿರಬಹುದು. ಸಂಘವು ಸಾಹುಕಾರರ ಪರವಾಗಿ ಕೊಳ್ಳುವ ಏಜೆಂಟ್ ಆಗುವುದು ಒಂದು. ಸಂಘವು ತನ್ನ ಮಾಲನ್ನು ತಾನೇ ತೂಗಿ, ಬೆಲೆ ಕೂಗಿ, ಅವರಿಗೂ ಒಬ್ಬ ಗಿರಾಕಿಯಂತೆ ಮಾರುವುದು ಎರಡು. ಅವರ ಗೋದಾಮು, ಲಾರಿ, ಜಿನ್ನಿಂಗ್ ಮಿಲ್ಲನ್ನು ಬಾಡಿಗೆ ಕೊಟ್ಟು ಬಳಸಿಕೊಳ್ಳುವುದು ಮೂರು. ಇಬ್ಬರೂ ಒಳಗೊಳಗೇ ಮಾತಾಡಿಕೊಂಡು "ಈ ದರಕ್ಕಿಂತ ಹೆಚ್ಚು ಕೊಡೋದು ಬ್ಯಾಡ" ಎಂದು ಕಟ್ಟುಹಾಕಿಕೊಳ್ಳುವುದು ನಾಲ್ಕು. ಎರಡನೆಯದು, ಮೂರನೆಯದು ವಿಚಾರಕ್ಕೆ ಯೋಗ್ಯ. ಮೊದಲನೆಯದರಲ್ಲಿ ಸಂಘದ ಕಾಟಾ ಕೈಬಿಟ್ಟು ಹೋಗುತ್ತದೆ. ನಾಲ್ಕನೆಯದಂತೂ ರೈತನಿಗೆ ಮಾಡುವ ದ್ರೋಹ. ಪೈಪೋಟಿಯಲ್ಲಿರುವವರು ಹೀಗೆ ಬೆಲೆ ಕಟ್ಟಿಹಾಕುವ ಒಪ್ಪಂದವನ್ನು 2002ರ ಸ್ಪರ್ಧಾ ಕಾಯಿದೆಯೂ ನಿಷೇಧಿಸಿದೆ. ಅಂಥ ಮಾತು ಬಂದರೆ ಅಲ್ಲಿಗೇ ನಿಲ್ಲಿಸಿಬಿಡಬೇಕು.

"ಕೂಡಿ" ಎಂಬ ಶಬ್ದ ಬಿಡಿಸದೆ ಇದ್ದರೆ ಎಷ್ಟು ಗದ್ದಲವಾಗುತ್ತದೆಂಬುದಕ್ಕೆ ನಮ್ಮ ನಾಡಿನದೇ ಒಂದು ದೊಡ್ಡ ಉದಾಹರಣೆ ಉಂಟು. 2022ರ ಡಿಸೆಂಬರ್ 30ರಂದು ಮಂಡ್ಯ ಜಿಲ್ಲೆಯ ಗೆಜ್ಜಲಗೆರೆಯಲ್ಲಿ ಮೆಗಾ ಡೇರಿಯ ಉದ್ಘಾಟನೆ ಆಯಿತು. ಅಲ್ಲಿ ಕೇಂದ್ರ ಸಹಕಾರ ಸಚಿವ ಅಮಿತ್ ಶಾ ಅವರು, ಗುಜರಾತಿನ ಅಮುಲ್ ಮತ್ತು ನಮ್ಮ ಕರ್ನಾಟಕ ಹಾಲು ಮಹಾಮಂಡಳ ಜೊತೆಯಾಗಿ ದುಡಿದರೆ ಮೂರು ವರುಷಗಳಲ್ಲಿ ರಾಜ್ಯದ ಹಳ್ಳಿಹಳ್ಳಿಯಲ್ಲೂ ಪ್ರಾಥಮಿಕ ಡೇರಿ ಇರುವಂತಾಗುತ್ತದೆ ಎಂದರು. ಜೊತೆ ಎಂದರೆ ತಾಂತ್ರಿಕ ನೆರವೋ, ವ್ಯಾಪಾರದ ಕೂಡಾಟವೋ, ಎರಡೂ ಒಂದಾಗುವುದೋ? ಅಲ್ಲಿಂದ ಚರ್ಚೆ ಹತ್ತಿತು. ನಂದಿನಿಯ ಹೆಸರೇ ಹೋಗುತ್ತದೆಂದು ಹಲವರು ಆತಂಕಪಟ್ಟರು. ವಿಲೀನ ಇಲ್ಲವೆಂದು ಸರಕಾರವೂ ಮಹಾಮಂಡಳವೂ ಸ್ಪಷ್ಟನೆ ಕೊಡಬೇಕಾಯಿತು. 2023ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ತಾಜಾ ಹಾಲು, ಮೊಸರು ಮಾರುತ್ತೇವೆಂದು ಅಮುಲ್ ಪ್ರಕಟಿಸಿದಾಗ ಗದ್ದಲ ಇನ್ನೂ ಜೋರಾಯಿತು. ಬೆಂಗಳೂರಿನ ಹೋಟೆಲಿನವರ ಸಂಘ ತಾವು ನಂದಿನಿ ಹಾಲನ್ನೇ ಬಳಸುವುದಾಗಿ ಹೇಳಿತು.

ಇಲ್ಲಿ ಯಾವ ಪಕ್ಷ ಸರಿ, ಯಾವುದು ತಪ್ಪು ಎಂಬ ಮಾತು ನಮಗೆ ಬೇಡ. ಅಮುಲ್ ಕೂಡ ಹಾಲು ಕರೆಯುವ ರೈತರ ಸಂಸ್ಥೆಯೇ. 1946ರಲ್ಲಿ ಖೇಡಾ ಜಿಲ್ಲೆಯ ರೈತರು ಖಾಸಗಿ ಡೇರಿಯ ಹಿಡಿತಕ್ಕೆ ಬೇಸತ್ತು ಕಟ್ಟಿದ್ದು. ನಮ್ಮ ನಂದಿನಿ ಕೇರಳದಲ್ಲಿ ಅಂಗಡಿ ತೆರೆದಾಗ ಅಲ್ಲಿನ ಮಿಲ್ಮಾ ಸಂಸ್ಥೆ ಹೀಗೆಯೇ ಆಕ್ಷೇಪ ಎತ್ತಿತು. ಇಂದು ನಮ್ಮ ಬಾಗಿಲಿಗೆ ಬಂದವರು ಎದುರಾಳಿ ಎನಿಸಿದರೆ, ನಾಳೆ ಇನ್ನೊಬ್ಬರ ಬಾಗಿಲಿಗೆ ನಾವು ಹೋದಾಗ ನಾವೇ ಎದುರಾಳಿ. ಇದರಿಂದ ನಾವು ಕಲಿಯಬೇಕಾದ ಪಾಠ ಇಷ್ಟು: "ಜೊತೆ" ಎಂದರೆ ಯಾವ ಕೆಲಸದಲ್ಲಿ, ಯಾರ ಹೆಸರಿನಲ್ಲಿ, ಎಷ್ಟು ಕಾಲ ಎಂಬುದು ಮೊದಲೇ ಬರೆದಿರಬೇಕು. ಮತ್ತು ಅದನ್ನು ಮೊದಲು ಕೇಳಬೇಕಾದವರು ಹಾಲು ಹಾಕುವವರು, ಹತ್ತಿ ಬೆಳೆಯುವವರು.

ಮೂರನೆಯದು, ಲೆಕ್ಕ. ಬೆಳ್ಳಗಿರುವುದೆಲ್ಲ ಹಾಲಲ್ಲ. ಸಾಹುಕಾರರು ಕ್ವಿಂಟಲಿಗೆ 50 ರೂಪಾಯಿ ಕೊಡುತ್ತೇನೆ ಎಂದರಲ್ಲ, ಅದನ್ನು ಒರೆಗೆ ಹಚ್ಚೋಣ. ಸಂಘದ ಸದಸ್ಯರ ಹತ್ತಿ ಒಟ್ಟು 2,000 ಕ್ವಿಂಟಲ್ ಎಂದುಕೊಳ್ಳಿ. ಐವತ್ತರಂತೆ ಸಂಘಕ್ಕೆ ಒಂದು ಲಕ್ಷ ರೂಪಾಯಿ ಬಂತು. ಬಹಳವೇ ಆಯಿತು ಎನಿಸುತ್ತದೆ. ಆದರೆ ಕಾಟಾ ಅವರದು. ತೂಕದಲ್ಲಿ, ತೇವದ ಹೆಸರಿನಲ್ಲಿ, ಕಸದ ಹೆಸರಿನಲ್ಲಿ ಕ್ವಿಂಟಲಿಗೆ ಎರಡು ಕಿಲೋ ಕಡಿದರು ಎಂದು ಇಟ್ಟುಕೊಳ್ಳಿ. ದರ 8,000 ರೂಪಾಯಿ ಇದ್ದರೆ ಎರಡು ಕಿಲೋಗೆ 160 ರೂಪಾಯಿ. 2,000 ಕ್ವಿಂಟಲಿಗೆ ಮೂರು ಲಕ್ಷ ಇಪ್ಪತ್ತು ಸಾವಿರ. ಸಂಘದ ಪೆಟ್ಟಿಗೆಗೆ ಒಂದು ಲಕ್ಷ ಬಂತು. ಸದಸ್ಯರ ಮನೆಯಿಂದ ಮೂರು ಲಕ್ಷ ಇಪ್ಪತ್ತು ಸಾವಿರ ಹೋಯಿತು. ಆ ಒಂದು ಲಕ್ಷವೂ ಸದಸ್ಯರದೇ ದುಡ್ಡು ಎಂದಾಯಿತು. ತೂಕ ಯಾರ ಕೈಯಲ್ಲಿದೆಯೋ ಬೆಲೆ ಅವರ ಕೈಯಲ್ಲಿದೆ ಎಂಬುದನ್ನು ಮರೆಯಬಾರದು.

ತೇವದ ವಿಷಯದಲ್ಲಿಯೂ ಒಂದು ಅಳತೆಗೋಲು ನಮ್ಮ ಬಳಿ ಇರಲಿ. ಭಾರತೀಯ ಹತ್ತಿ ನಿಗಮದವರು ಬೆಂಬಲ ಬೆಲೆಗೆ ಕೊಳ್ಳುವಾಗ ಶೇಕಡಾ 8ರ ತೇವವನ್ನು ಆಧಾರವಾಗಿ ಹಿಡಿಯುತ್ತಾರೆ. 8ರಿಂದ 12ರ ವರೆಗೆ ಇದ್ದರೆ ಅದಕ್ಕೆ ತಕ್ಕಂತೆ ಬೆಲೆ ಇಳಿಸುತ್ತಾರೆ. 12 ಮೀರಿದರೆ ಕೊಳ್ಳುವುದಿಲ್ಲ. 2025-26ರ ಹಂಗಾಮಿಗೆ ಉದ್ದ ಎಳೆಯ ಹತ್ತಿಗೆ ಕೇಂದ್ರ ಸರಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 8,110 ರೂಪಾಯಿ, ಮಧ್ಯಮ ಎಳೆಗೆ 7,710 ರೂಪಾಯಿ. ಸಂಘದಲ್ಲಿ ಒಂದು ತೇವ ಅಳೆಯುವ ಯಂತ್ರ ಇದ್ದರೆ "ಹತ್ತಿ ಹಸಿ ಐತ್ರಿ" ಎಂಬ ಬಾಯಿಮಾತಿಗೆ ಬೆಲೆ ಕಡಿಸಿಕೊಳ್ಳುವ ಪ್ರಸಂಗ ಬರುವುದಿಲ್ಲ. ಇಲ್ಲಿ ತಾಯಂದಿರಿಗೆ ಒಂದು ಮಾತು: ಮಂಜು ಆರುವ ಮುನ್ನ ಬಿಡಿಸಿದ ಹತ್ತಿಯನ್ನು ಒಣ ಹತ್ತಿಯ ಮೇಲೆ ಸುರಿಯಬೇಡಿರಿ. ನಿಮ್ಮ ಕೈಯ ಈ ಎಚ್ಚರವೇ ಮಾತುಕತೆಯಲ್ಲಿ ಸಂಘಕ್ಕೆ ಬಲ.

ಹಾಗಾದರೆ ಎದುರಾಳಿಯ ಜೊತೆ ವ್ಯವಹಾರವೇ ಬೇಡವೆ? ಹಾಗೂ ಅಲ್ಲ. ಕರಾವಳಿಯ ಅಡಿಕೆ ಬೆಳೆಗಾರರ ಕಥೆ ಕೇಳಿರಿ. ಅಡಿಕೆಯ ಬೆಲೆ ಕುಸಿದು ಬೆಳೆಗಾರರು ಕಂಗಾಲಾಗಿದ್ದಾಗ, ದಕ್ಷಿಣ ಕನ್ನಡ ಮತ್ತು ಕಾಸರಗೋಡು ಸೀಮೆಯ ರೈತರು ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಕಟ್ಟಿದರು. ಅಡಿಕೆ ತೋಟದಲ್ಲಿ ಕೋಕೋ ಗಿಡವನ್ನೂ ಬೆಳೆಯುತ್ತಿದ್ದರು. ಅದನ್ನು ಕೊಳ್ಳುತ್ತಿದ್ದುದು ಖಾಸಗಿ ಕಂಪನಿ. 1980ರ ಸುಮಾರಿಗೆ ಹೊರದೇಶದ ಮಾರುಕಟ್ಟೆಯಲ್ಲಿ ಕೋಕೋ ಬೆಲೆ ಬಿದ್ದಿತು; ಕಂಪನಿ ಕೊಳ್ಳುವುದರಿಂದ ಹಿಂದೆ ಸರಿಯಿತು; ಗಿಡದಲ್ಲಿ ಕಾಯಿ, ಕೊಳ್ಳುವವರಿಲ್ಲ. ಆಗ ಕ್ಯಾಂಪ್ಕೊ ಕೋಕೋ ಕೊಳ್ಳಲು ಮುಂದೆ ಬಂತು. 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಮುಂದೆ ಅದೇ ಕಾರ್ಖಾನೆಯಲ್ಲಿ ನೆಸ್ಲೆಯಂಥ ದೊಡ್ಡ ಕಂಪನಿಗೂ ಚಾಕೊಲೇಟ್ ತಯಾರಿಸಿಕೊಟ್ಟಿತು. ನೆಸ್ಲೆ ಚಾಕೊಲೇಟ್ ಮಾರುವುದರಲ್ಲಿ ಎದುರಾಳಿಯೇ. ಆದರೂ ಈ ಕೆಲಸ ಮಾಡಲು ಅಡ್ಡಿಯಾಗಲಿಲ್ಲ. ಏಕೆ? ಕಾರ್ಖಾನೆ ರೈತರದು, ಯಂತ್ರ ರೈತರದು, ಕ್ಯಾಂಪ್ಕೊ ಎಂಬ ಹೆಸರೂ ರೈತರದೇ ಆಗಿ ಉಳಿಯಿತು. ಇಂದಿಗೂ ಆ ಹೆಸರಿನಲ್ಲಿ ಚಾಕೊಲೇಟ್ ಮಾರಾಟವಾಗುತ್ತದೆ. ತನ್ನ ಕಾಲಿನ ಮೇಲೆ ನಿಂತವನು ಎದುರಾಳಿಯ ಕೈ ಹಿಡಿದರೆ ಅದು ಸಹಕಾರ. ಕಾಲನ್ನೇ ಒತ್ತೆ ಇಟ್ಟು ಕೈ ಹಿಡಿದರೆ ಅದು ಜೀತ.

ಈಗ ಉತ್ತರ ಸಿದ್ಧಮಾಡುವ ಕ್ರಮವನ್ನು ಹೇಳುತ್ತೇನೆ.

ಸಾಹುಕಾರರ ಕಾಗದ ಬಂದ ಮೇಲೆ ಮೊದಲು ಆಡಳಿತ ಮಂಡಳಿಯಲ್ಲಿ, ಆಮೇಲೆ ಸರ್ವಸದಸ್ಯರ ಸಭೆಯಲ್ಲಿ ಅದನ್ನು ಓದಿಸಬೇಕು. ಓದಲು ಬಾರದವರಿಗೂ ತಿಳಿಯುವಂತೆ ಎರಡು ಸಲ ಓದಬೇಕು. ಸಹಕಾರ ಸಂಘವಿರಲಿ, ರೈತ ಉತ್ಪಾದಕರ ಕಂಪನಿಯಿರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಹತ್ತು ಎಕರೆಯವನಿಗೂ ಒಂದು, ಎರಡು ಎಕರೆಯವನಿಗೂ ಒಂದು. ಉತ್ಪಾದಕರ ಕಂಪನಿಯಲ್ಲಿ ಬೆಳೆ ಬೆಳೆಯುವವರು ಮತ್ತು ಅವರ ಸಂಸ್ಥೆಗಳು ಮಾತ್ರ ಸದಸ್ಯರಾಗಬಹುದು. ಬರೀ ವ್ಯಾಪಾರಿಯಾದವರು ಪಾಲು ಕೊಂಡು ಒಳಗೆ ಬರುವಂತಿಲ್ಲ. ಈ ಬೇಲಿಯನ್ನು ಕಾಯಿದೆಯೇ ಹಾಕಿಕೊಟ್ಟಿದೆ. ನಾವಾಗಿ ಮುರಿಯಬಾರದು.

ಯಾವ ನಿರ್ದೇಶಕರಿಗೆ ಆ ಸಾಹುಕಾರರಲ್ಲಿ ಸಾಲ, ಉದ್ರಿ ಅಥವಾ ನೆಂಟಸ್ತನ ಇದೆಯೋ ಅವರು ಅದನ್ನು ಸಭೆಯಲ್ಲಿ ಬಾಯಿಬಿಟ್ಟು ಹೇಳಿ, ತೀರ್ಮಾನದ ಹೊತ್ತಿನಲ್ಲಿ ಹೊರಗೆ ಇರುವುದು ಒಳ್ಳೆಯದು. ಇದರಲ್ಲಿ ಅವಮಾನವೇನಿಲ್ಲ, ಅವರ ಮರ್ಯಾದೆಯೇ ಉಳಿಯುತ್ತದೆ. ಹಾಗೆಯೇ ಎಷ್ಟು ಸದಸ್ಯರ ಮೇಲೆ ಎಷ್ಟು ಉದ್ರಿ ಬಾಕಿ ಇದೆ ಎಂಬುದನ್ನು ಸಂಘ ಗುಟ್ಟಾಗಿ ತಿಳಿದುಕೊಳ್ಳಬೇಕು. ಮುಂದಿನ ಹಂಗಾಮಿಗೆ ಅವರಿಗೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಿಂದಲೋ ಬ್ಯಾಂಕಿನಿಂದಲೋ ಬೆಳೆಸಾಲ ಕೊಡಿಸುವ ದಾರಿ ಹುಡುಕಬೇಕು. ಉದ್ರಿಯ ಹಗ್ಗ ಸಡಿಲವಾಗದ ಹೊರತು ಎಂಥ ಒಳ್ಳೆಯ ಉತ್ತರ ಬರೆದರೂ ಬಾಕಿದಾರ ಸದಸ್ಯನ ಹತ್ತಿ ರಾತ್ರೋರಾತ್ರಿ ಅಂಗಡಿಗೇ ಹೋಗುತ್ತದೆ. ಅವನನ್ನು ಬೈದು ಫಲವಿಲ್ಲ.

ಕೊಡಬಾರದ ವಸ್ತುಗಳು ಕೆಲವಿವೆ. ಸದಸ್ಯರ ಹೆಸರಿನ ಪಟ್ಟಿ, ಅವರ ಸಾಲದ ವಿವರ, ಬೇರೆ ಗಿರಾಕಿ ನಮಗೆ ಯಾವ ದರ ಕೊಟ್ಟರೆಂಬ ಲೆಕ್ಕದ ಪುಸ್ತಕ, ಇವನ್ನು ಮಾತುಕತೆಯ ನೆಪದಲ್ಲಿ ಯಾರಿಗೂ ತೋರಿಸತಕ್ಕದ್ದಲ್ಲ. ಒಪ್ಪಂದ ಮುರಿದುಬಿದ್ದರೂ ಆ ವಿವರ ಅವರ ತಲೆಯಲ್ಲಿ ಉಳಿದೇ ಇರುತ್ತದೆ. ಮುಂಗಡ ಹಣವನ್ನೂ ತೀರ್ಮಾನಕ್ಕೆ ಮುಂಚೆ ಮುಟ್ಟಬಾರದು. ಮುಂಗಡ ಕೈಗೆ ಬಂದ ಮೇಲೆ "ಇಲ್ಲ" ಎನ್ನಲು ನಾಲಿಗೆ ಏಳುವುದಿಲ್ಲ.

ಇನ್ನು ಷರತ್ತುಗಳು. ತೂಕ ಮತ್ತು ತೇವದ ಪರೀಕ್ಷೆ ಸಂಘದ ಕಾಟಾದಲ್ಲಿ, ರೈತನ ಕಣ್ಣೆದುರಿಗೆ ಆಗಬೇಕು. ದರವನ್ನು ಆಯಾ ದಿನದ ರಾಯಚೂರು ಮಾರುಕಟ್ಟೆಯ ದರಕ್ಕೆ ಹೊಂದಿಸಬೇಕು. ಹಣ ಇಂತಿಷ್ಟು ದಿನಗಳಲ್ಲಿ ಬ್ಯಾಂಕ್ ಖಾತೆಗೆ ಬರಬೇಕು. ಬಾರದಿದ್ದರೆ ಮುಂದಿನ ಲಾರಿ ಹೊರಡುವುದಿಲ್ಲ. ಬೇರೆಯವರಿಗೆ ಮಾರಲು ಸಂಘಕ್ಕೆ ಸ್ವಾತಂತ್ರ್ಯ ಇರಬೇಕು. ಸದಸ್ಯರ ಹಳೆಯ ಉದ್ರಿಯನ್ನು ಸಂಘದ ಹಣದಲ್ಲಿ ಮುರಿದುಕೊಳ್ಳಬಾರದು. ಬಿಟ್ಟು ಹೊರಬರುವ ಬಾಗಿಲು ಎರಡು ಕಡೆಗೂ ತೆರೆದಿರಬೇಕು. ಐದು ವರುಷದ ಕರಾರು ಎಂದು ಯಾರಾದರೂ ತಂದರೆ ಮುಟ್ಟಬೇಡಿ. ಒಂದು ಲಾರಿ, ಒಂದು ಹಂಗಾಮು ಪರೀಕ್ಷೆ ಮಾಡಿ ನೋಡಿರಿ. ಹೊಸ ಎತ್ತನ್ನು ಕೊಳ್ಳುವವನು ಒಂದು ಸುತ್ತು ಹೂಡಿ ನೋಡದೆ ಹಗ್ಗ ಹಿಡಿಯುತ್ತಾನೆಯೆ?

ಉತ್ತರದ ಕಾಗದ ಹೀಗಿರಬಹುದು. ನಿಮ್ಮ ಸಂಘಕ್ಕೆ ತಕ್ಕಂತೆ ಬದಲಾಯಿಸಿಕೊಳ್ಳಿರಿ.

"ಮಾನ್ಯ ಸಾಹುಕಾರರಿಗೆ ಸಂಘದ ನಮಸ್ಕಾರಗಳು. ತಾವು ಕಳಿಸಿದ ಕಾಗದವನ್ನು ಸರ್ವಸದಸ್ಯರ ಸಭೆಯಲ್ಲಿ ಓದಿ ವಿಚಾರ ಮಾಡಲಾಯಿತು. ನಮ್ಮನ್ನು ನೆನೆದದ್ದಕ್ಕೆ ಸಂತೋಷ. ಕಮಿಷನ್ ಪಡೆದು ತಮ್ಮ ಪರವಾಗಿ ಹತ್ತಿ ಕೂಡಿಸಿಕೊಡಲು ಸಂಘಕ್ಕೆ ಆಗುವುದಿಲ್ಲ. ಆದರೆ ಸಂಘದ ಕಾಟಾದಲ್ಲಿ ತೂಗಿದ, ತೇವ ಪರೀಕ್ಷೆ ಮಾಡಿದ ಹತ್ತಿಯನ್ನು ಬೇರೆ ಗಿರಾಕಿಗಳಂತೆ ತಾವೂ ಕೊಳ್ಳಬಹುದು. ಮೊದಲು ಒಂದು ಲಾರಿ ಮಾಲನ್ನು ಈ ಕೆಳಗಿನ ಷರತ್ತುಗಳ ಮೇಲೆ ಕೊಡಲು ಸಭೆ ಒಪ್ಪಿದೆ. ತಮಗೆ ಒಪ್ಪಿಗೆಯಾದರೆ ಹದಿನೈದು ದಿನಗಳೊಳಗೆ ಬರೆದು ತಿಳಿಸಬೇಕು. ಒಪ್ಪಿಗೆಯಾಗದಿದ್ದರೂ ನಮ್ಮ ನಿಮ್ಮ ವಿಶ್ವಾಸ ಹೀಗೆಯೇ ಇರಲಿ."

ಕೆಳಗೆ ಷರತ್ತುಗಳು, ಅಧ್ಯಕ್ಷರ ಮತ್ತು ಕಾರ್ಯದರ್ಶಿಯ ಸಹಿ, ತಾರೀಖು. ಒಂದು ಪ್ರತಿ ಸಂಘದ ಕಡತದಲ್ಲಿ ಉಳಿಯಬೇಕು. ಸಭೆಯ ನಡಾವಳಿ ಪುಸ್ತಕದಲ್ಲಿಯೂ ಬರೆದಿರಬೇಕು. ಈ ಕಾಗದದಲ್ಲಿ ಬೈಗುಳ ಇಲ್ಲ, ಬೇಡಿಕೆ ಇಲ್ಲ, ಹೆದರಿಕೆಯೂ ಇಲ್ಲ ಎಂಬುದನ್ನು ಗಮನಿಸಿರಿ. ಕೊಡಲಾರದ್ದನ್ನು ಕೊಡಲಾರೆವು ಎಂದಿದೆ, ಕೊಡಬಲ್ಲದ್ದನ್ನು ಕೊಡುತ್ತೇವೆ ಎಂದಿದೆ. ಸಾಹುಕಾರರಿಗೆ ನಿಜವಾಗಿಯೂ ಒಳ್ಳೆಯ ಮಾಲು ಬೇಕಿದ್ದರೆ ಬರುತ್ತಾರೆ. ಸಂಘವನ್ನು ಅಂಗಡಿಯ ಬಾಲ ಮಾಡಿಕೊಳ್ಳುವುದೇ ಬೇಕಿದ್ದರೆ ಬರುವುದಿಲ್ಲ. ಎರಡರಲ್ಲಿ ಯಾವುದೆಂದು ಹದಿನೈದು ದಿನಗಳಲ್ಲಿ ತಿಳಿದುಹೋಗುತ್ತದೆ.

"ಅಲ್ಲರೀ, ನಮ್ಮಂಥ ಸಣ್ಣ ಮಂದಿ ಇಷ್ಟೆಲ್ಲ ಕೇಳಿದ್ರ ಅವರು ಕೊಳ್ಳೋದ ಬಿಟ್ರ ಏನ್ ಮಾಡೋದು?" ಎಂದು ಯಾರಾದರೂ ಕೇಳಬಹುದು. ಒಬ್ಬೊಬ್ಬನೇ ಕೇಳಿದರೆ ಆ ಭಯ ನಿಜ. ಹತ್ತು ಮಂದಿಯ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂದು ಗಾದೆ ಇದೆಯಲ್ಲ, ಎರಡು ಸಾವಿರ ಕ್ವಿಂಟಲ್ ಒಂದೇ ಕಡೆ ನಿಂತಾಗ ಗಿರಾಕಿ ಒಬ್ಬರೇ ಅಲ್ಲ, ಮಾರುಕಟ್ಟೆಯೂ ಒಂದೇ ಅಲ್ಲ. ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಊರವರನ್ನು ಕೂಡಿಸಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ಅವರೂ ಸಣ್ಣ ಮಂದಿಯೇ ಆಗಿದ್ದರು.

ಸಾಹುಕಾರರು ನಮ್ಮ ವೈರಿಗಳಲ್ಲ. ಅದೇ ಊರಿನವರು, ಯಲ್ಲಮ್ಮನ ಜಾತ್ರೆಯಲ್ಲಿ ನಮ್ಮ ಪಕ್ಕದಲ್ಲಿಯೇ ನಿಲ್ಲುವವರು. ಅವರ ಜೊತೆ ವ್ಯವಹಾರ ಮಾಡೋಣ, ವಿಶ್ವಾಸವನ್ನೂ ಇಟ್ಟುಕೊಳ್ಳೋಣ. ಕಾಟಾ ಮಾತ್ರ ನಮ್ಮ ಕೈಯಲ್ಲಿರಲಿ.

ಇಂದು ರಾತ್ರಿ ಉಂಡ ಮೇಲೆ ಮನೆಯವರೆಲ್ಲ ಕೂತು, ನಿಮ್ಮ ಹತ್ತಿ ಹೋದ ಸಲ ಎಷ್ಟು ಕಿಲೋ ಕಡಿತವಾಯಿತು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿರಿ. ನಾಳೆ ಸಂಘದ ಕಟ್ಟೆಯ ಮೇಲೆ ಆ ಲೆಕ್ಕವನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಿರಿ.